ಚಿಕ್ಕ ಮನೆಯಲ್ಲಿ ಜಾಗವೆಲ್ಲಿದೆ?

“ಮನೆಯಲ್ಲಿ ಕಾಲಿಡಲು ಜಾಗವಿಲ್ಲ” ಎಂಬ ಮಾತನ್ನು ನಗರವಾಸಿಗಳ ಬಾಯಿಂದ ಕೇಳದವರು ವಿರಳ. ಹಳ್ಳಿಯ ತೊಟ್ಟಿಮನೆಯನ್ನು ಬಿಟ್ಟು ಬೆಂಗಳೂರಿನಂತಹ ಊರಿಗೆ ಬಂದು, ಬಹುಮಹಡಿ ಕಟ್ಟಡದ ಚಿಕ್ಕ ಫ್ಲ್ಯಾಟೊಂದರಲ್ಲಿ ನೆಲೆಸಿದ ಕುಟುಂಬಕ್ಕೆ ಮೊತ್ತಮೊದಲು ಎದುರಾಗುವ ಪ್ರಶ್ನೆ ಸಾಮಾನುಗಳನ್ನು ಎಲ್ಲಿಡಬೇಕು ಎಂಬುದೇ ಆಗಿರುತ್ತದೆ. ಮನೆಯನ್ನು ಹಿಗ್ಗಿಸಲು ಸಾಧ್ಯವಿಲ್ಲ. ಗೋಡೆಯ ಆಚೆ ನೆರೆಯವರು, ಸೂರಿನ ಮೇಲೆ ಮತ್ತೊಬ್ಬರು. ಇರುವ ಜಾಗದಲ್ಲಿಯೇ ಎಲ್ಲವೂ ಹಿಡಿಯಬೇಕು. ಈ ಸಮಸ್ಯೆ ಗೃಹಿಣಿಯರಿಗೆ ಮಾತ್ರ ಸೇರಿದ್ದೆಂದು ಯಾರೂ ತಿಳಿಯಬಾರದು. ನಾನೂರು ವರ್ಷಗಳಿಂದ ಗಣಿತಜ್ಞರ ತಲೆಯನ್ನು ತಿಂದಿರುವ ಪ್ರಶ್ನೆಗಳೂ, ಯಂತ್ರಶಿಲ್ಪಿಗಳು ಪ್ರತಿದಿನ ಬಳಸುವ ಸೂತ್ರಗಳೂ ಇದರಲ್ಲಿ ಅಡಗಿವೆ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆ, ತಾಯಿ, ಅಜ್ಜಿ ಮತ್ತು ಎರಡನೆಯ ವರ್ಷದ ಪಿ.ಯು.ಸಿ. ತರಗತಿಯಲ್ಲಿ ಓದುತ್ತಿರುವ ಮಗಳು. ಮನೆಯ ವಿಸ್ತೀರ್ಣ ೪೦ ಚದರ ಮೀಟರು, ಎಂದರೆ ಸುಮಾರು ೪೩೦ ಚದರಡಿ. ನಡುಮನೆ, ಒಂದು ಮಲಗುವ ಕೋಣೆ, ಅಡಿಗೆಮನೆ, ಬಚ್ಚಲು, ಇಷ್ಟೆ. ಪರೀಕ್ಷೆ ಹತ್ತಿರ ಬಂದಿದೆ; ಮಗಳು ಮಂಚದ ಮೇಲೆ ಕುಳಿತು, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಬರೆಯುತ್ತಾಳೆ. ಅವಳಿಗೆ ಒಂದು ಮೇಜು ಬೇಕು. ಮೇಜು ಹಾಕಬಹುದಾದ ಒಂದೇ ಮೂಲೆಯಲ್ಲಿ ಅಜ್ಜಿ ಊರಿನಿಂದ ತಂದ ಕಬ್ಬಿಣದ ಟ್ರಂಕು ಕುಳಿತಿದೆ. ಅದರ ಮೇಲೆ ಎರಡು ರಜಾಯಿಗಳು, ಪಕ್ಕದಲ್ಲಿ ಮೂರು ಖಾಲಿ ಸೂಟ್‌ಕೇಸುಗಳು. ಟ್ರಂಕನ್ನು ಹಳೆಯ ಸಾಮಾನಿನವನಿಗೆ ಕೊಟ್ಟುಬಿಡೋಣವೆಂದು ತಂದೆ ಹೇಳುತ್ತಾರೆ. ಅಜ್ಜಿ ಏನೂ ಮಾತನಾಡುವುದಿಲ್ಲ. ತನ್ನ ನಿಮಿತ್ತ ಅಜ್ಜಿಯ ಟ್ರಂಕು ಹೋಗುವುದು ಮಗಳಿಗೂ ಇಷ್ಟವಿಲ್ಲ. ಈ ವ್ಯಾಜ್ಯವನ್ನು ವಿಜ್ಞಾನ ಬಗೆಹರಿಸಬಲ್ಲುದೆ? ನೋಡೋಣ.

ನೆಲದ ಲೆಕ್ಕ, ಗಾತ್ರದ ಲೆಕ್ಕ

ಮನೆಯನ್ನು ಕೊಳ್ಳುವಾಗಲೂ ಬಾಡಿಗೆಗೆ ಹಿಡಿಯುವಾಗಲೂ ನಾವು ಕೇಳುವುದು ಚದರಡಿಯ ಲೆಕ್ಕವನ್ನು. ಆದರೆ ಸಾಮಾನುಗಳು ತುಂಬುವುದು ನೆಲದ ವಿಸ್ತೀರ್ಣವನ್ನಲ್ಲ, ಕೋಣೆಯ ಗಾತ್ರವನ್ನು. ನಮ್ಮ ಕಲ್ಪನೆಯ ಮನೆಯ ಸೂರು ೨.೭೫ ಮೀಟರು ಎತ್ತರದಲ್ಲಿದೆಯೆಂದು ಇಟ್ಟುಕೊಂಡರೆ ಅದರ ಒಟ್ಟು ಗಾತ್ರ ೪೦ × ೨.೭೫, ಅಂದರೆ ೧೧೦ ಘನ ಮೀಟರು. ನಿಂತ ಮನುಷ್ಯನ ಕೈ ಸುಲಭವಾಗಿ ಎಟುಕುವುದು ಸುಮಾರು ೨ ಮೀಟರಿನವರೆಗೆ. ಅದರ ಮೇಲಿರುವ ಮುಕ್ಕಾಲು ಮೀಟರಿನ ಪದರದಲ್ಲಿ ೩೦ ಘನ ಮೀಟರು, ಎಂದರೆ ಮನೆಯ ಕಾಲು ಭಾಗಕ್ಕಿಂತ ಹೆಚ್ಚಿನ ಜಾಗ, ಬರಿದಾಗಿ ಉಳಿದಿದೆ. ಅದೆಲ್ಲವನ್ನೂ ತುಂಬಿದರೆ ಮನೆ ಉಗ್ರಾಣವಾದೀತು, ನಿಜ. ಆದರೂ ಅಡಿಗೆಮನೆಯ ಒಂದು ಗೋಡೆಯುದ್ದಕ್ಕೆ, ೩ ಮೀಟರು ಉದ್ದವಾಗಿ, ೬೦ ಸೆಂಟಿಮೀಟರು ಅಗಲವಾಗಿ, ನೆಲದಿಂದ ೨.೧ ಮೀಟರು ಎತ್ತರದಲ್ಲಿ ಒಂದು ಅಟ್ಟವನ್ನು ಕಟ್ಟಿದರೆ ೧.೧೭ ಘನ ಮೀಟರು ಜಾಗ ದೊರೆಯುವುದು. ಲೀಟರಿನಲ್ಲಿ ಹೇಳುವುದಾದರೆ ಇದು ೧೧೭೦ ಲೀಟರು! ೨ ಮೀಟರು ಉದ್ದ, ಒಂದೂವರೆ ಮೀಟರು ಅಗಲದ ಮಂಚದ ಕೆಳಗೆ ೩೦ ಸೆಂಟಿಮೀಟರು ತೆರಪಿದ್ದರೆ ಅಲ್ಲಿ ಇನ್ನೊಂದು ೯೦೦ ಲೀಟರು.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ತೊಲೆಗಳ ಮೇಲೆ ಹಲಗೆ ಹಾಸಿದ ಅಟ್ಟ. ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೆ ಸಾಗುತ್ತಿದ್ದ ನಾಗಂದಿಗೆ. ಹಾಲು ಮೊಸರಿನ ಗಡಿಗೆಗಳನ್ನು ಬೆಕ್ಕಿಗೆ ಎಟುಕದಂತೆ ತೂಗಿಬಿಡುತ್ತಿದ್ದ ನೆಲವು. ಬಟ್ಟೆ ಹರವಲು ಸೂರಿನಿಂದ ಇಳಿಬಿಟ್ಟ ಬಿದಿರಿನ ಗಳ. ದಪ್ಪನಾದ ಮಣ್ಣಿನ ಗೋಡೆಯಲ್ಲಿಯೇ ತೋಡಿದ ಗೂಡು. ಧಾನ್ಯಕ್ಕೆಂದು ನೆಲದಡಿಯಲ್ಲಿ ಅಗೆದ ಹಗೇವು. ಇವೆಲ್ಲವೂ ಓಡಾಡುವ ನೆಲವನ್ನು ಮುಟ್ಟದೆ ಸಾಮಾನನ್ನು ಇಡುವ ಉಪಾಯಗಳೇ. ಕಾಂಕ್ರೀಟಿನ ಮನೆಗೆ ಬಂದಾಗ ನಾವು ಸಾಮಾನುಗಳನ್ನು ಜೊತೆಗೆ ತಂದೆವು. ಉಪಾಯಗಳನ್ನು ಊರಿನಲ್ಲಿಯೇ ಬಿಟ್ಟುಬಂದೆವು.

ನಾವು ಕಾಪಾಡುತ್ತಿರುವುದು ಗಾಳಿಯನ್ನು!

ಗಾತ್ರ ದೊರೆತ ಮಾತ್ರಕ್ಕೆ ಸಮಸ್ಯೆ ತೀರಲಿಲ್ಲ. ಆ ಗಾತ್ರದಲ್ಲಿ ಏನನ್ನು ತುಂಬುತ್ತೇವೆ ಎಂಬುದನ್ನೂ ವಿಚಾರಿಸಬೇಕು. ಒಂದು ಹತ್ತಿಯ ರಜಾಯಿಯನ್ನು ತೆಗೆದುಕೊಳ್ಳಿ. ಅದರ ತೂಕ ಒಂದೂವರೆ ಕಿಲೋಗ್ರಾಂ ಇರಲಿ. ಹತ್ತಿಯ ಎಳೆಯ ಸಾಂದ್ರತೆ ನೀರಿನದಕ್ಕಿಂತ ಸುಮಾರು ಒಂದೂವರೆ ಪಟ್ಟು. ಆದುದರಿಂದ ರಜಾಯಿಯಲ್ಲಿರುವ ನಿಜವಾದ ಹತ್ತಿಯ ಗಾತ್ರ ಕೇವಲ ಒಂದು ಲೀಟರು! ಅದನ್ನು ೫೦ ಸೆಂಟಿಮೀಟರು ಉದ್ದ, ೪೦ ಅಗಲ, ೨೦ ದಪ್ಪವಾಗಿ ಮಡಿಸಿಟ್ಟರೆ ಆ ಮಡಿಕೆಯ ಗಾತ್ರ ೪೦ ಲೀಟರು. ಉಳಿದ ೩೯ ಲೀಟರು ಏನು? ಗಾಳಿ. ಚಳಿಯಲ್ಲಿ ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ಸಿಕ್ಕಿಕೊಂಡ ಆ ಗಾಳಿಯೇ ಹೊರತು ಹತ್ತಿಯಲ್ಲ. ಆದರೆ ಬೇಸಿಗೆಯ ತಿಂಗಳುಗಳಲ್ಲಿ ಅದನ್ನು ಬೀರುವಿನೊಳಗೆ ಜೋಪಾನ ಮಾಡುವ ಅಗತ್ಯವಿಲ್ಲವಷ್ಟೆ.

ಗಾಳಿಯನ್ನು ಹೊರದೂಡಲು ವಾತಾವರಣವೇ ನಮಗೆ ಸಹಾಯಕ. ಸಮುದ್ರಮಟ್ಟದಲ್ಲಿ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ವಾಯುಮಂಡಲ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆ. ರಜಾಯಿಯನ್ನು ದಪ್ಪ ಪ್ಲಾಸ್ಟಿಕ್ಕಿನ ಚೀಲದಲ್ಲಿಟ್ಟು, ಒಳಗಿನ ಗಾಳಿಯನ್ನು ಕೈಪಂಪಿನಿಂದ ಹೊರಗೆಳೆದರೆ ಹೊರಗಿನ ಒತ್ತಡ ಅದನ್ನು ಅಪ್ಪಚ್ಚಿ ಮಾಡುತ್ತದೆ. ಇಂತಹ ಚೀಲಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಚೀಲಕ್ಕೆ ಹಾಕುವ ಮುನ್ನ ಬಟ್ಟೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಇಲ್ಲದಿದ್ದರೆ ಒಳಗೆ ಉಳಿದ ತೇವ ಬೂಷ್ಟಿಗೆ ಆಶ್ರಯ ಕೊಡುತ್ತದೆ. ಬಹುಕಾಲ ಒತ್ತಿಟ್ಟರೆ ಎಳೆಗಳ ಪುಟಿತ ಕುಗ್ಗುವುದರಿಂದ ವರ್ಷಕ್ಕೊಮ್ಮೆಯಾದರೂ ಹೊರತೆಗೆದು ಕೊಡವುವುದು ಒಳ್ಳೆಯದು.

ಖಾಲಿ ಸೂಟ್‌ಕೇಸುಗಳ ವಿಷಯವೂ ಹೀಗೆಯೇ. ೧೧೦, ೭೦ ಮತ್ತು ೪೦ ಲೀಟರು ಹಿಡಿಯುವ ಮೂರು ಸೂಟ್‌ಕೇಸುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಅವು ನುಂಗುವುದು ೨೨೦ ಲೀಟರು. ಒಂದರೊಳಗೊಂದು ಸೇರಿಸಿದರೆ ೧೧೦ ಲೀಟರಿನಲ್ಲಿಯೇ ಮುಗಿಯಿತು. ಅತ್ಯಂತ ಒಳಗಿನದರಲ್ಲಿ ಒತ್ತಿದ ರಜಾಯಿಗಳಿಗೂ ಸ್ಥಳ ಸಿಕ್ಕಿತು. ಲೋಟಗಳನ್ನು ನೋಡಿ: ೧೦ ಸೆಂಟಿಮೀಟರು ಎತ್ತರದ ಆರು ಲೋಟಗಳನ್ನು ಒಂದರೊಳಗೊಂದು ಇಟ್ಟಾಗ ಪ್ರತಿಯೊಂದು ಲೋಟವೂ ಕೆಳಗಿನದಕ್ಕಿಂತ ೨ ಸೆಂಟಿಮೀಟರು ಮಾತ್ರ ಮೇಲೆ ನಿಲ್ಲುವುದಾದರೆ ಒಟ್ಟು ಎತ್ತರ ೧೦ + (೫ × ೨) = ೨೦ ಸೆಂಟಿಮೀಟರು. ಒಂದರ ಮೇಲೊಂದು ನಿಲ್ಲಿಸಿದ್ದರೆ ೬೦ ಆಗುತ್ತಿತ್ತು. ಬಾಯಿ ಅಗಲವಾಗಿ ತಳ ಕಿರಿದಾದ ಪಾತ್ರೆಯ ಉಪಯೋಗ ಇದರಿಂದ ತಿಳಿಯುತ್ತದೆ.

ದುಂಡು ಡಬ್ಬಿ, ಚೌಕ ಡಬ್ಬಿ

ಇನ್ನು ಅಡಿಗೆಮನೆಗೆ ಬರೋಣ. ನಮ್ಮಲ್ಲಿ ಬೇಳೆ, ರವೆ, ಹಿಟ್ಟುಗಳನ್ನು ತುಂಬಿಡುವ ಸ್ಟೀಲ್ ಡಬ್ಬಿಗಳು ಬಹುಮಟ್ಟಿಗೆ ದುಂಡಗಿರುತ್ತವೆ. ೬೦ ಸೆಂಟಿಮೀಟರು ಉದ್ದ, ೩೦ ಸೆಂಟಿಮೀಟರು ಅಗಲದ ಹಲಗೆಯ ಮೇಲೆ ೧೫ ಸೆಂಟಿಮೀಟರು ವ್ಯಾಸದ ಡಬ್ಬಿಗಳನ್ನು ನಾಲ್ಕರಂತೆ ಎರಡು ಸಾಲಾಗಿ, ಒಟ್ಟು ಎಂಟನ್ನು ಇಡಬಹುದು. ಚೌಕದೊಳಗೆ ಕೂರುವ ವೃತ್ತ ಆ ಚೌಕದ ಶೇಕಡ ೭೮.೫ ಭಾಗವನ್ನು ಮಾತ್ರ ತುಂಬುತ್ತದೆಂದು ರೇಖಾಗಣಿತದಿಂದ ತಿಳಿದಿದೆ. ಉಳಿದ ಶೇಕಡ ೨೧.೫ ಭಾಗ ಡಬ್ಬಿಗಳ ನಡುವಿನ ಸಂದಿಗಳಲ್ಲಿ ವ್ಯರ್ಥವಾಗುತ್ತದೆ. ಅದೇ ಎತ್ತರದ, ೧೫ ಸೆಂಟಿಮೀಟರು ಬಾಹುವುಳ್ಳ ಚೌಕ ಡಬ್ಬಿಗಳಾದರೆ ಎಂಟು ಡಬ್ಬಿಗಳಲ್ಲಿ ಹತ್ತು ದುಂಡು ಡಬ್ಬಿಗಳ ಸಾಮಾನು ಹಿಡಿಸುತ್ತದೆ.

ಜೇನುಗೂಡಿನ ಕಣ್ಣುಗಳಂತೆ ಒಂದು ಸಾಲಿನ ಡಬ್ಬಿಗಳು ಇನ್ನೊಂದು ಸಾಲಿನ ಸಂದಿಗೆ ಬರುವಂತೆ ಜೋಡಿಸಿದರೆ ಹೇಗೆ? ವಿಶಾಲವಾದ ಬಯಲಿನಲ್ಲಿ ಈ ವಿಧಾನದಿಂದ ಶೇಕಡ ೯೦.೭ ಭಾಗವನ್ನು ತುಂಬಬಹುದು. ಸಮನಾದ ವೃತ್ತಗಳನ್ನು ಇದಕ್ಕಿಂತ ಬಿಗಿಯಾಗಿ ಜೋಡಿಸಲು ಸಾಧ್ಯವೇ ಇಲ್ಲವೆಂದು ಗಣಿತಜ್ಞರು ಸಾಧಿಸಿದ್ದಾರೆ. ಆದರೆ ನಮ್ಮ ಕಿರಿದಾದ ಹಲಗೆಯ ಮೇಲೆ ಇದನ್ನು ಪ್ರಯೋಗಿಸಿದರೆ ಒಂದು ಸಾಲಿನಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು, ಒಟ್ಟು ಏಳೇ ಡಬ್ಬಿಗಳು ಹಿಡಿಯುತ್ತವೆ! ಬಯಲಿನಲ್ಲಿ ಗೆಲ್ಲುವ ಜೋಡಣೆ ಗೋಡೆಗಳ ನಡುವೆ ಸೋಲುತ್ತದೆ. ಚಿಕ್ಕ ಮನೆಯಲ್ಲಿ ಅಂಚುಗಳೇ ಹೆಚ್ಚು. ಆದುದರಿಂದ ಅಂಚಿನ ಲೆಕ್ಕವನ್ನು ಮರೆಯಲಾಗದು.

ಹಾಗಾದರೆ ಡಬ್ಬಿಯನ್ನು ದುಂಡಗೆ ಮಾಡಿದವರು ದಡ್ಡರೆ? ಅಲ್ಲ. ವ್ಯಾಸವೂ ಎತ್ತರವೂ ಸಮನಾಗಿರುವ ದುಂಡು ಡಬ್ಬಿಗೆ, ಅಷ್ಟೇ ಹಿಡಿಯುವ ಘನಾಕೃತಿಯ ಡಬ್ಬಿಗಿಂತ ಶೇಕಡ ೮ರಷ್ಟು ಕಡಿಮೆ ತಗಡು ಸಾಕು. ಹಿಟ್ಟು ಸಿಕ್ಕಿಕೊಳ್ಳುವ ಮೂಲೆಗಳೂ ಅದರಲ್ಲಿಲ್ಲ, ತೊಳೆಯುವುದು ಸುಲಭ. ತಗಡನ್ನು ಉಳಿಸಬೇಕಾದವನಿಗೆ ದುಂಡು ಆಕಾರ, ಜಾಗವನ್ನು ಉಳಿಸಬೇಕಾದವನಿಗೆ ಚೌಕಾಕಾರ. ಯಾವುದು ದುರ್ಲಭವೋ ಅದನ್ನು ಉಳಿಸುವುದೇ ಜಾಣತನ.

ಉಂಡೆಯಾಕಾರದ ವಸ್ತುಗಳ ಪ್ರಶ್ನೆ ಇನ್ನೂ ಸ್ವಾರಸ್ಯವಾದುದು. ಹಣ್ಣಿನ ಅಂಗಡಿಯವನು ಕಿತ್ತಲೆಗಳನ್ನು ಗೋಪುರದಂತೆ ಜೋಡಿಸುವ ಕ್ರಮವೇ ಎಲ್ಲಕ್ಕಿಂತ ಬಿಗಿಯಾದುದು, ಅದು ಜಾಗದ ಶೇಕಡ ೭೪ ಭಾಗವನ್ನು ತುಂಬುತ್ತದೆ ಎಂಬುದನ್ನು ಖಗೋಳವಿಜ್ಞಾನಿ ಯೊಹಾನೆಸ್ ಕೆಪ್ಲರ್ ೧೬೧೧ರಲ್ಲಿ ಊಹಿಸಿದನು. ಊಹೆಯನ್ನು ಸಾಧಿಸಲು ಸುಮಾರು ನಾಲ್ಕು ಶತಮಾನಗಳು ಬೇಕಾದವು! ಅಮೆರಿಕದ ಗಣಿತಜ್ಞ ಥಾಮಸ್ ಹೇಲ್ಸ್ ೧೯೯೮ರಲ್ಲಿ ಗಣಕಯಂತ್ರದ ನೆರವಿನಿಂದ ಅದನ್ನು ಸಾಧಿಸಿದರು. ಆ ಸಾಧನೆಯ ಪ್ರತಿಯೊಂದು ಹೆಜ್ಜೆಯನ್ನೂ ಗಣಕಯಂತ್ರದಿಂದಲೇ ಪರಿಶೀಲಿಸುವ ಕಾರ್ಯ ೨೦೧೪ರಲ್ಲಿ ಮುಗಿಯಿತು. ಜೋಡಿಸದೆ ಸುಮ್ಮನೆ ಸುರಿದು ಕುಲುಕಿದರೆ ಸಮನಾದ ಗುಂಡುಗಳು ಸುಮಾರು ಶೇಕಡ ೬೪ ಭಾಗವನ್ನು ಮಾತ್ರ ತುಂಬುತ್ತವೆ. ಕುಲುಕದಿದ್ದರೆ ಇನ್ನೂ ಕಡಿಮೆ. ಹಿಂದೆ ಸೇರಿನಲ್ಲಿ ಕಾಳನ್ನು ಅಳೆಯುವಾಗ ಕೊಳ್ಳುವವನು “ಕುಲುಕಿ ಅಳೆ” ಎನ್ನುತ್ತಿದ್ದುದು ಇದೇ ಕಾರಣದಿಂದ.

ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಲೀಟರಿನ ಪಾತ್ರೆಯ ತುಂಬ ಗಾಜಿನ ಗೋಲಿಗಳನ್ನು ಹಾಕಿ ಕುಲುಕಿರಿ. ಆಮೇಲೆ ಅಳತೆಯ ಲೋಟದಿಂದ ನೀರನ್ನು ಸುರಿಯಿರಿ. ತುಂಬಿದಂತೆ ಕಾಣುವ ಪಾತ್ರೆಯೊಳಕ್ಕೆ ಇನ್ನೂ ೪೦೦ ಮಿಲಿಲೀಟರಿನ ಆಸುಪಾಸು ನೀರು ಇಳಿಯುವುದನ್ನು ಕಂಡು ಆಶ್ಚರ್ಯಪಡುವಿರಿ. ನೀರಿನ ಬದಲು ಸಾಸಿವೆಯನ್ನು ಹಾಕಿದರೂ ಗೋಲಿಗಳ ಸಂದಿಯಲ್ಲಿ ಅದು ಸೇರಿಕೊಳ್ಳುವುದು. ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟು ಸೇರಿ ಕಾಂಕ್ರೀಟು ಗಟ್ಟಿಯಾಗುವುದೂ ಹೀಗೆಯೇ. ಬೂಟಿನೊಳಗೆ ಕಾಲುಚೀಲ, ಕೊಳಗದೊಳಗೆ ಸೌಟುಗಳು, ಇವೂ ಅದೇ ತತ್ತ್ವದ ಪ್ರಯೋಗಗಳು.

ದೊಡ್ಡದು ಮೊದಲು

ಹಲವು ಅಳತೆಯ ವಸ್ತುಗಳನ್ನು ಅತಿ ಕಡಿಮೆ ಪೆಟ್ಟಿಗೆಗಳಲ್ಲಿ ತುಂಬುವುದು ಹೇಗೆ? ಎಲ್ಲ ಬಗೆಯ ಜೋಡಣೆಗಳನ್ನೂ ಮಾಡಿ ನೋಡೋಣವೆಂದರೆ ಅದು ಆಗದ ಮಾತು. ಇಪ್ಪತ್ತು ವಸ್ತುಗಳನ್ನು ಒಂದಾದ ಮೇಲೊಂದರಂತೆ ಇಡುವ ಕ್ರಮಗಳ ಸಂಖ್ಯೆ ೨೪ರ ಮುಂದೆ ಹದಿನೇಳು ಸೊನ್ನೆಗಳನ್ನು ಬರೆದಷ್ಟು. ಸೆಕೆಂಡಿಗೆ ಹತ್ತು ಲಕ್ಷ ಕ್ರಮಗಳನ್ನು ಪರೀಕ್ಷಿಸುವ ಯಂತ್ರವಿದ್ದರೂ ೭೫ ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯುವುದು. ಸಂಖ್ಯೆ ಬೆಳೆದಂತೆಲ್ಲ ಶ್ರೇಷ್ಠ ಉತ್ತರವನ್ನು ಬೇಗನೆ ಕೊಡುವ ಯಾವ ವಿಧಾನವೂ ಇಂದಿನವರೆಗೆ ದೊರೆತಿಲ್ಲ.

ಆದರೆ ಶ್ರೇಷ್ಠಕ್ಕೆ ಸಮೀಪವಾದ ಉತ್ತರ ಬಹಳ ಸುಲಭ. ೧೦ ಅಂಗುಲ ಎತ್ತರದ ಪೆಟ್ಟಿಗೆಗಳಿವೆ ಎನ್ನಿ. ೩ ಅಂಗುಲದ ಮೂರು, ೭ ಅಂಗುಲದ ಮೂರು ಕಟ್ಟುಗಳನ್ನು ತುಂಬಬೇಕು. ಚಿಕ್ಕವನ್ನು ಮೊದಲು ಹಾಕಿದರೆ ಮೂರೂ ಸೇರಿ ಮೊದಲನೆಯ ಪೆಟ್ಟಿಗೆಯಲ್ಲಿ ೯ ಅಂಗುಲ ತುಂಬುವುವು. ೭ರ ಕಟ್ಟುಗಳಿಗೆ ಒಂದೊಂದು ಪೆಟ್ಟಿಗೆ ಬೇಕಾಗಿ ಒಟ್ಟು ನಾಲ್ಕಾಗುವುವು. ದೊಡ್ಡವನ್ನು ಮೊದಲು ಹಾಕಿ, ಮಿಕ್ಕ ಜಾಗದಲ್ಲಿ ಚಿಕ್ಕವನ್ನು ಸೇರಿಸಿದರೆ ೭ + ೩ ರಂತೆ ಮೂರೇ ಪೆಟ್ಟಿಗೆಗಳು ಸಾಕು. “ದೊಡ್ಡದು ಮೊದಲು, ಪ್ರತಿಯೊಂದನ್ನೂ ಅದು ಹಿಡಿಯುವ ಮೊದಲನೆಯ ಪೆಟ್ಟಿಗೆಯಲ್ಲಿ ಇಡು” ಎಂಬುದೇ ಈ ವಿಧಾನ. ಡೇವಿಡ್ ಜಾನ್ಸನ್ ಎಂಬ ಅಮೆರಿಕದ ಗಣಕವಿಜ್ಞಾನಿ ೧೯೭೩ರಲ್ಲಿ ಇದರ ಮಿತಿಯನ್ನು ಕಂಡುಹಿಡಿದರು. ಹಂಗೆರಿಯ ಡೋಶಾ ೨೦೦೭ರಲ್ಲಿ ಅದನ್ನು ಖಚಿತಗೊಳಿಸಿದರು. ಅದರ ಪ್ರಕಾರ ಶ್ರೇಷ್ಠ ಜೋಡಣೆಗೆ ಒಂಬತ್ತು ಪೆಟ್ಟಿಗೆಗಳು ಬೇಕಾಗುವೆಡೆ ಈ ಸರಳ ವಿಧಾನಕ್ಕೆ ಹನ್ನೊಂದಕ್ಕಿಂತ ಹೆಚ್ಚು ಎಂದಿಗೂ ಬೇಕಾಗದು. ಪ್ರಯಾಣಕ್ಕೆ ಪೆಟ್ಟಿಗೆ ಕಟ್ಟುವಾಗ ದಪ್ಪ ಬಟ್ಟೆಗಳನ್ನು ಮೊದಲು ಇಡುವ ತಾಯಂದಿರು ಈ ಪ್ರಮೇಯವನ್ನು ಓದಿದವರಲ್ಲ. ಆದರೂ ಅದನ್ನು ಬಲ್ಲರು.

ಕೈಗೆ ಸಿಗದ ವಸ್ತು ಇದ್ದೂ ಇಲ್ಲದಂತೆ

ಇಷ್ಟು ಹೊತ್ತು ಬಿಗಿಯಾಗಿ ತುಂಬುವ ಮಾತಾಯಿತು. ಈಗ ಅದರ ಇನ್ನೊಂದು ಮುಖವನ್ನು ನೋಡಬೇಕು. ತೀರ ಬಿಗಿಯಾಗಿ ತುಂಬಿದ ಬೀರುವಿನಿಂದ ಒಂದು ವಸ್ತುವನ್ನು ತೆಗೆಯಬೇಕಾದರೆ ಹತ್ತನ್ನು ಹೊರಗಿಡಬೇಕು. ಜಾಗ ಉಳಿಯಿತು, ಸಮಯ ಹೋಯಿತು. ಸಾಮಾನಿಡುವ ವಿದ್ಯೆಯ ರಹಸ್ಯವೆಲ್ಲ ಈ ಎರಡರ ನಡುವಿನ ಹೊಂದಾಣಿಕೆಯಲ್ಲಿದೆ. ಪ್ರತಿಯೊಂದು ವಸ್ತುವಿನ ಬಗೆಗೂ ನಾವು ಕೇಳಬೇಕಾದ ಪ್ರಶ್ನೆ ಒಂದೇ: ವರ್ಷಕ್ಕೆ ಎಷ್ಟು ಸಲ ಇದು ಬೇಕು?

ದಿನಕ್ಕೆ ಎರಡು ಬಾರಿ ಕಾಫಿ ಮಾಡುವ ಮನೆಯಲ್ಲಿ ಕಾಫಿಪುಡಿಯ ಡಬ್ಬಿ ವರ್ಷಕ್ಕೆ ೭೩೦ ಸಲ ಬೇಕಾಗುವುದು. ನವರಾತ್ರಿಯ ಗೊಂಬೆಗಳ ಪೆಟ್ಟಿಗೆ ಬೇಕಾಗುವುದು ಒಂದೇ ಸಲ. ಸ್ಟೂಲು ಹತ್ತಿ ಇಳಿಯಲು ೧೫ ಸೆಕೆಂಡುಗಳು ಹಿಡಿಯುವುದಾದರೆ, ಕಾಫಿಪುಡಿಯನ್ನು ಅಟ್ಟದ ಮೇಲಿಟ್ಟವರು ವರ್ಷದಲ್ಲಿ ಮೂರು ಗಂಟೆಗಳ ಕಾಲ ಸ್ಟೂಲು ಹತ್ತಿ ಇಳಿಯುತ್ತಿರಬೇಕು. ಗೊಂಬೆಗಳನ್ನು ಇಟ್ಟವರು ಹದಿನೈದೇ ಸೆಕೆಂಡು. ಹೀಗೆ ಗುಣಿಸಿ ನೋಡಿದರೆ ಸ್ಥಾನಗಳು ತಾವಾಗಿಯೇ ನಿಶ್ಚಯವಾಗುತ್ತವೆ. ಸೊಂಟದಿಂದ ಕಣ್ಣಿನ ಮಟ್ಟದವರೆಗಿನ ಜಾಗ ಮನೆಯ ಅತ್ಯಂತ ಬೆಲೆಯುಳ್ಳ ಜಾಗ. ಅದು ನಿತ್ಯದ ವಸ್ತುಗಳಿಗೆ ಮೀಸಲು. ಅಟ್ಟವೂ ಮಂಚದಡಿಯೂ ವರ್ಷಕ್ಕೊಮ್ಮೆ ಬೇಕಾಗುವ ವಸ್ತುಗಳಿಗೆ.

ಯಾವುದು ಎಷ್ಟು ಸಲ ಬೇಕಾಗುವುದೆಂದು ಮೊದಲೇ ತಿಳಿಯದಿದ್ದರೆ? ಅದಕ್ಕೂ ಒಂದು ಉಪಾಯವುಂಟು: ಬಳಸಿದ ವಸ್ತುವನ್ನು ಮರಳಿ ಇಡುವಾಗ ಎಲ್ಲಕ್ಕಿಂತ ಮುಂದೆ ಇಡಿರಿ. ಕೆಲವು ವಾರಗಳಲ್ಲಿ ಬೇಕಾದವು ಮುಂದಕ್ಕೂ ಬೇಡವಾದವು ಹಿಂದಕ್ಕೂ ತಾವೇ ಸರಿದಿರುತ್ತವೆ. ಸಾಲಾಗಿ ಇಟ್ಟ ವಸ್ತುಗಳನ್ನು ಮುಂದಿನಿಂದ ಹುಡುಕುತ್ತ ಹೋಗುವಾಗ ಈ ಕ್ರಮಕ್ಕೆ ತಗಲುವ ಶ್ರಮ, ಭವಿಷ್ಯವನ್ನು ಮೊದಲೇ ಬಲ್ಲವನು ಮಾಡುವ ಏರ್ಪಾಡಿನ ಶ್ರಮಕ್ಕಿಂತ ಎರಡು ಪಟ್ಟನ್ನು ಮೀರದೆಂದು ಡೇನಿಯಲ್ ಸ್ಲೀಟರ್ ಮತ್ತು ರಾಬರ್ಟ್ ಟಾರ್ಜನ್ ಎಂಬ ಗಣಕವಿಜ್ಞಾನಿಗಳು ೧೯೮೫ರಲ್ಲಿ ಸಾಧಿಸಿ ತೋರಿಸಿದರು. ಗಣಕಯಂತ್ರದ ಕಿರಿದಾದ ವೇಗದ ಸ್ಮೃತಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಹೊರಹಾಕಬೇಕು ಎಂಬುದನ್ನು ನಿರ್ಧರಿಸುವಾಗಲೂ ಇದೇ ಜಾತಿಯ ನಿಯಮವನ್ನು ಅನುಸರಿಸುವರು.

ಕೈಗೆ ಎಟುಕುವ ಜಾಗವನ್ನು ಶಾಸ್ತ್ರೀಯವಾಗಿ ಅಳೆದು ಮನೆ ಕಟ್ಟಿದ ಒಂದು ಪ್ರಸಿದ್ಧ ಉದಾಹರಣೆಯುಂಟು. ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನಿಯಲ್ಲಿ ಮನೆಗಳಿಗೆ ತೀವ್ರ ಅಭಾವ ಉಂಟಾಯಿತು. ಫ್ರಾಂಕ್‌ಫರ್ಟ್ ನಗರ ಕಾರ್ಮಿಕರಿಗಾಗಿ ಕಟ್ಟಿಸಿದ ಚಿಕ್ಕ ಮನೆಗಳಿಗೆ ೧೯೨೬ರಲ್ಲಿ ಅಡಿಗೆಮನೆಯನ್ನು ರೂಪಿಸಿದವರು ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ (೧೮೯೭–೨೦೦೦). ಆಕೆಗೆ ಮಾದರಿಯಾದುದು ರೈಲಿನ ಊಟದ ಡಬ್ಬಿಯ ಇಕ್ಕಟ್ಟಾದ ಅಡಿಗೆಕೋಣೆ. ಅಡಿಗೆ ಮಾಡುವವರು ಇಡುವ ಹೆಜ್ಜೆಗಳನ್ನೂ, ಪ್ರತಿಯೊಂದು ಕೆಲಸಕ್ಕೆ ಹಿಡಿಯುವ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಸುಮಾರು ೧.೯ ಮೀಟರು ಅಗಲ, ೩.೪ ಮೀಟರು ಉದ್ದದ ಕೋಣೆಯಲ್ಲಿ ಎಲ್ಲವೂ ಕೈಯಳತೆಯಲ್ಲಿ ಸಿಗುವಂತೆ ಅವರು ಏರ್ಪಡಿಸಿದರು. ಅಕ್ಕಿ, ಸಕ್ಕರೆ ಮುಂತಾದವಕ್ಕೆ ಹಿಡಿಯೂ ಮೂತಿಯೂ ಇರುವ, ಹೆಸರು ಬರೆದ ಅಲ್ಯೂಮಿನಿಯಮ್ ಸೆಳೆಪೆಟ್ಟಿಗೆಗಳಿದ್ದವು. ಎಳೆದು ನೇರವಾಗಿ ಪಾತ್ರೆಗೆ ಸುರಿಯಬಹುದಿತ್ತು. ಹಿಟ್ಟಿನ ಪೆಟ್ಟಿಗೆಗಳನ್ನು ಮಾತ್ರ ಹುಳುಗಳನ್ನು ದೂರವಿಡುವ ಓಕ್ ಮರದಿಂದ ಮಾಡಿಸಿದ್ದರು. ಇಂತಹ ಸುಮಾರು ಹತ್ತು ಸಾವಿರ ಅಡಿಗೆಮನೆಗಳು ಆ ನಗರದಲ್ಲಿ ನಿರ್ಮಾಣವಾದವು. ಇಂದಿನ ಫ್ಲ್ಯಾಟುಗಳ ಅಡಿಗೆಮನೆಗೆ ಇದೇ ಪೂರ್ವಜ. ಇದರಲ್ಲಿ ಒಂದು ಕೊರತೆಯೂ ಇತ್ತು. ಇಬ್ಬರು ಕೂಡಿ ಕೆಲಸ ಮಾಡಲು ಅಲ್ಲಿ ಎಡೆಯಿರಲಿಲ್ಲ. ಅಡಿಗೆ ಮಾಡುವವಳು ಮನೆಮಂದಿಯಿಂದ ಬೇರೆಯಾಗಿ ಒಬ್ಬಳೇ ನಿಲ್ಲಬೇಕಾಯಿತು. ಜಾಗವನ್ನು ಅಳೆಯುವಾಗ ಅದರಲ್ಲಿ ಬಾಳುವವರನ್ನೂ ನೆನೆಯಬೇಕೆಂಬುದಕ್ಕೆ ಇದು ನಿದರ್ಶನ.

ಭಾರ, ತೇವ ಮತ್ತು ಬೆಂಕಿ

ಜಾಗವಿದೆಯೆಂದು ಎಲ್ಲಿ ಬೇಕಾದರೂ ಏನನ್ನು ಬೇಕಾದರೂ ತುಂಬಬಾರದು. ಒಂದು ಮೀಟರು ಉದ್ದದ ಹಲಗೆಯ ಮೇಲೆ ೨೦ ಸೆಂಟಿಮೀಟರು ಅಗಲ, ೨೫ ಸೆಂಟಿಮೀಟರು ಎತ್ತರದ ಪುಸ್ತಕಗಳನ್ನು ಒತ್ತಾಗಿ ಜೋಡಿಸಿದರೆ ಅವುಗಳ ಗಾತ್ರ ೫೦ ಲೀಟರು, ತೂಕ ೩೫ ರಿಂದ ೪೦ ಕಿಲೋಗ್ರಾಂ. ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ಹಲಗೆ ಎಷ್ಟು ಬಾಗುತ್ತದೆ ಎಂಬುದು ಅದರ ಉದ್ದದ ನಾಲ್ಕನೆಯ ಘಾತವನ್ನು ಅವಲಂಬಿಸಿದೆ. ಮೀಟರೊಂದಕ್ಕೆ ಅದೇ ಭಾರವಿದ್ದರೆ, ಉದ್ದ ಎರಡು ಪಟ್ಟಾದಾಗ ಬಾಗು ಹದಿನಾರು ಪಟ್ಟಾಗುವುದು! ಪ್ರತಿಯಾಗಿ, ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಉದ್ದನೆಯ ಹಲಗೆಯ ನಡುವೆ ಒಂದು ಆಧಾರವನ್ನು ಕೊಡುವುದು ಅತ್ಯಂತ ಅಗ್ಗವಾದ ಉಪಾಯ. ಮರದ ಹುಡಿಯನ್ನು ಒತ್ತಿ ಮಾಡಿದ ಹಲಗೆಗಳಂತೂ ಭಾರದಡಿಯಲ್ಲಿ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಬಾಗುತ್ತಲೇ ಹೋಗುತ್ತವೆ.

ಭಾರತದ ಕಟ್ಟಡ ನಿಯಮಗಳ ಪ್ರಕಾರ ವಾಸದ ಮನೆಯ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು ೨೦೦ ಕಿಲೋಗ್ರಾಂ ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ಕಟ್ಟುವರು. ಒಂದು ಘನ ಮೀಟರು ಪುಸ್ತಕಗಳ ತೂಕ ೭೦೦ ಕಿಲೋಗ್ರಾಮಿಗೂ ಹೆಚ್ಚು. ಆದುದರಿಂದ ಕೋಣೆಯ ನಡುವೆ ಕಾಗದದ ಗುಡ್ಡವನ್ನು ಪೇರಿಸುವುದೂ, ತೆಳುವಾದ ಅಟ್ಟದ ಮೇಲೆ ಪುಸ್ತಕಗಳನ್ನು ಒಟ್ಟುವುದೂ ಅವಿವೇಕ. ಅಟ್ಟಕ್ಕೆ ಹಗುರವಾದವು, ನೆಲಕ್ಕೆ ಭಾರವಾದವು.

ತೇವದ ಲೆಕ್ಕವನ್ನೂ ನೋಡಿ. ಮಳೆಗಾಲದಲ್ಲಿ ಕೋಣೆಯ ಗಾಳಿ ೨೮ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿದ್ದು ಅದರ ಸಾಪೇಕ್ಷ ಆರ್ದ್ರತೆ ಶೇಕಡ ೮೦ ಇದ್ದರೆ, ಹೊರಗೋಡೆಯ ಮೈ ೨೪ ಡಿಗ್ರಿಗೆ ತಣಿದೊಡನೆ ಅದರ ಮೇಲೆ ನೀರು ಬೆವರತೊಡಗುತ್ತದೆ. ಬೀರುವನ್ನು ಅಂತಹ ಗೋಡೆಗೆ ಒತ್ತಿ ನಿಲ್ಲಿಸಿದರೆ ಆ ತೇವ ಆರುವುದಿಲ್ಲ. ಬಟ್ಟೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ನಾಲ್ಕು ಬೆರಳಗಲ ತೆರಪು ಬಿಟ್ಟರೆ ಗಾಳಿ ಆಡುವುದು. ಇದು ಪೋಲಾದ ಜಾಗವಲ್ಲ. ಹಾಗೆಯೇ ಅಡಿಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರಿನ ಸುತ್ತ ಸಾಮಾನು ತುರುಕಿ ಕೆಳಗಿನ ಗಾಳಿಯ ದಾರಿಯನ್ನು ಮುಚ್ಚಬಾರದು. ಎಲ್ಲರೂ ಓಡಾಡುವ ಮೆಟ್ಟಿಲು, ಮೊಗಸಾಲೆಗಳಲ್ಲಿ ಮುರುಕು ಕುರ್ಚಿಗಳನ್ನೂ ಪೆಟ್ಟಿಗೆಗಳನ್ನೂ ಪೇರಿಸುವುದಂತೂ ಬೆಂಕಿ ಬಿದ್ದಾಗ ಪ್ರಾಣಕ್ಕೆ ಸಂಚಕಾರ.

ಟ್ರಂಕಿನ ತೀರ್ಮಾನ

ಈಗ ನಮ್ಮ ಕುಟುಂಬಕ್ಕೆ ಹಿಂತಿರುಗೋಣ. ರಜಾಯಿಗಳನ್ನು ಒಣಗಿಸಿ, ಗಾಳಿ ತೆಗೆದು, ಒಳಗಿನ ಸೂಟ್‌ಕೇಸಿನಲ್ಲಿ ಇಟ್ಟಾಯಿತು. ಮೂರು ಸೂಟ್‌ಕೇಸುಗಳು ಒಂದಾಗಿ ಮಂಚದ ಕೆಳಗೆ ಸೇರಿದವು. ಉಳಿದುದು ಟ್ರಂಕು. ಅದರ ಉದ್ದ ೯೦ ಸೆಂಟಿಮೀಟರು, ಅಗಲ ೫೦, ಎತ್ತರ ೪೫. ಗಾತ್ರ ಸುಮಾರು ೨೦೦ ಲೀಟರು. ಒಳಗೇನಿದೆ? ಅಜ್ಜಿಯ ಮದುವೆಯ ಸೀರೆ, ತಾತನ ಕಾಗದಪತ್ರಗಳು, ನಾಲ್ಕು ಹಿತ್ತಾಳೆಯ ಕೊಳಗಗಳು. ಕೊಳಗಗಳ ಹೊಟ್ಟೆಯಲ್ಲಿ ಬರಿಯ ಗಾಳಿ! ಅವನ್ನು ಒಂದರೊಳಗೊಂದು ಸೇರಿಸಿದಾಗ ಟ್ರಂಕಿನಲ್ಲಿ ಅರ್ಧ ಭಾಗ ಖಾಲಿಯಾಯಿತು. ತಂದೆಯ ಹಳೆಯ ಕಡತಗಳೂ ಅದರಲ್ಲಿ ಹಿಡಿದವು.

ಆಮೇಲೆ ಮಗಳು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು: “ಅಜ್ಜೀ, ಇದನ್ನು ವರ್ಷಕ್ಕೆ ಎಷ್ಟು ಸಲ ತೆಗೆಯುತ್ತೀರಿ?” ಯುಗಾದಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ. ವರ್ಷದಲ್ಲಿ ಎರಡೇ ಬಾರಿ ತೆರೆಯುವ ಪೆಟ್ಟಿಗೆಯ ಮುಚ್ಚಳ ಉಳಿದ ೩೬೩ ದಿನಗಳೂ ಬೇರೆ ಕೆಲಸಕ್ಕೆ ಒದಗಬಲ್ಲುದು. ಕುರ್ಚಿಯ ಆಸನಕ್ಕೆ ಸಾಮಾನ್ಯವಾಗಿ ಇಡುವ ಎತ್ತರವೂ ಸುಮಾರು ೪೫ ಸೆಂಟಿಮೀಟರೇ! ಮುಚ್ಚಳದ ತಗಡು ತಗ್ಗದಿರಲೆಂದು, ಭಾರ ಟ್ರಂಕಿನ ನಾಲ್ಕು ಅಂಚುಗಳ ಮೇಲೆ ಹಂಚಿಹೋಗುವಂತೆ ಒಂದು ಪ್ಲೈವುಡ್ ಹಲಗೆಯನ್ನು ಮೇಲಿಟ್ಟು, ಅದರ ಮೇಲೆ ಮೆತ್ತೆ ಹಾಸಿದರು. ಎದುರಿನ ಗೋಡೆಗೆ ೭೫ ಸೆಂಟಿಮೀಟರು ಎತ್ತರದಲ್ಲಿ, ಬೇಡವಾದಾಗ ಮಡಿಸಬಹುದಾದ ಹಲಗೆಯೊಂದನ್ನು ಕೀಲುಗಳಿಂದ ಕೂರಿಸಿದರು. ಮೇಜಾಯಿತು, ಟ್ರಂಕೇ ಆಸನವಾಯಿತು. ಮನೆಯ ಗಾತ್ರ ಹಿಂದಿನಂತೆಯೇ ೧೧೦ ಘನ ಮೀಟರು.

ನಿಮ್ಮ ಮನೆಯಲ್ಲಿಯೋ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೋ ಜಾಗವಿಲ್ಲವೆಂದು ತೋರಿದಾಗ ಒಂದು ಅಳತೆಯ ಪಟ್ಟಿಯನ್ನೂ ಕಾಗದವನ್ನೂ ಹಿಡಿದು ಕುಳಿತುಕೊಳ್ಳಿ. ಯಾವ ಪೆಟ್ಟಿಗೆಯಲ್ಲಿ ಎಷ್ಟು ಗಾಳಿಯಿದೆ, ಯಾವ ವಸ್ತು ವರ್ಷಕ್ಕೆ ಎಷ್ಟು ಬಾರಿ ಬೇಕು ಎಂಬ ಎರಡು ಕಾಲಮುಗಳನ್ನು ಬರೆಯಿರಿ. ಯಾವುದನ್ನಾದರೂ ಹೊರಹಾಕುವ ಮಾತನ್ನು ಆ ಲೆಕ್ಕ ಮುಗಿದ ಮೇಲೆ ಆಡಿದರೆ ಸಾಕು.